ಹೆಣದ ಮೇಲೆ ಪುಸ್ತಕ ಮುಚ್ಚಬಾರದು

ಈಗಿನ ಪತ್ತೇದಾರಿ ಕಾದಂಬರಿ ಬರೆಯುವವರಿಗೆ ಹಿಂದುಮುಂದಿಲ್ಲ. ಮೊದಲ ಪುಟದಲ್ಲೊಂದು ಕೊಲೆ, ಕೊನೆಯ ಪುಟದಲ್ಲಿ ಇನ್ನೊಂದು. ನಡುವೆ ಒಬ್ಬರಾದರೂ ನೆಟ್ಟಗೆ ಕೂತು ಊಟ ಮಾಡುವುದಿಲ್ಲ. ದೆವ್ವದ ಕತೆಯವರಂತೂ ಓದುವವರನ್ನು ಸ್ಮಶಾನದಲ್ಲೇ ಬಿಟ್ಟು ಎದ್ದು ಹೋಗುತ್ತಾರೆ. ಇವರೆಲ್ಲ ಒಮ್ಮೆ ನಮ್ಮತ್ತೆಯ ಕೈಗೆ ಸಿಗಬೇಕಿತ್ತು.

ನಲವತ್ತರ ದಶಕದ ಆರಂಭದಲ್ಲಿ ನಾನು ಹೊನ್ನಾಳಿಯಿಂದ ಜಗಳೂರಿಗೆ ಸೊಸೆಯಾಗಿ ಬಂದೆ. ಮಧ್ಯಾಹ್ನ ಪಡಸಾಲೆಯಲ್ಲಿ ಅತ್ತೆ ಮತ್ತು ಏಳು ತಿಂಗಳ ಬಸುರಿ ನಾದಿನಿ ಶೇಂಗಾ ಸುಲಿಯುತ್ತಿದ್ದರು. ಮನೆಯ ಹೆಂಗಸರಲ್ಲಿ ಓದು ಬರುತ್ತಿದ್ದವಳು ನಾನೊಬ್ಬಳೇ, ಹಾಗಾಗಿ ಸುಲಿಯುವ ಬದಲು ಪುರಾಣ ಓದುವ ಕೆಲಸ ನನಗೆ. ಪುರಾಣ ಮುಗಿದ ಮೇಲೆ, ತವರಿನಿಂದ ತಂದಿದ್ದ ಕೊಲೆಯ ಕಾದಂಬರಿಯೊಂದನ್ನು ತೆಗೆದೆ. ಅದನ್ನು ನನ್ನಣ್ಣ ತನ್ನ ಹೆಡ್‌ಮಾಸ್ತರರಿಂದ ಕೇಳಿ ತಂದಿದ್ದ. ಹೊಸದಾಗಿ ಮಾಸ್ತರಿಕೆಗೆ ಸೇರಿದವನು. ಪುಸ್ತಕಕ್ಕೇನಾದರೂ ಆದರೆ ತನ್ನ ಕೆಲಸಕ್ಕೇ ಸಂಚಕಾರ ಎಂದು ಹತ್ತು ಸಲ ಹೇಳಿದ್ದ.

ಸಾಹುಕಾರನ ಹೆಣ ಬಾವಿಯಲ್ಲಿ ತೇಲುವಲ್ಲಿಗೆ ಮೊದಲ ಅಧ್ಯಾಯ ಮುಗಿಯಿತು. ಪುಸ್ತಕ ಮುಚ್ಚಿದೆ.

"ಅಯ್ಯೋ ನಿನ್ನ! ಹೆಣದ ಮ್ಯಾಲೆ ಪುಸ್ತಕ ಮುಚ್ಚತಾರೇನೇ?" ಎಂದರು ಅತ್ತೆ.

ಪುರಾಣ ಓದುವ ಪದ್ಧತಿಯೇ ಹಾಗೆ. ಸಾವಿನ ಜಾಗದಲ್ಲಿ ನಿಲ್ಲಿಸುವಂತಿಲ್ಲ. ಒಂದು ಹುಟ್ಟೋ ಮದುವೆಯೋ ಬರುವ ತನಕ ಓದಿ, ಆರತಿ ಎತ್ತಿ ಏಳಬೇಕು.

"ಇದು ಪುರಾಣ ಅಲ್ಲ, ಅತ್ತೆ."

"ಯಾವ್ದಾದ್ರೇನು, ಹೆಣ ಹೆಣಾನೇ. ಮನ್ಯಾಗೆ ಬಸುರಿ ಅದಾಳೆ. ಶುಭ ಬರೋ ತನಕ ಓದು. ಇಲ್ಲಾಂದ್ರೆ ಅದನ್ನ ಬಚ್ಚಲ ಒಲೆಗೆ ಹಾಕ್ತೀನಿ."

ನಾಲ್ಕು ಪುಟ ಮುಂದೆ ಹೋದೆ. ಅಲ್ಲಿ ಅಡಿಗೆಯವನೂ ಸತ್ತಿದ್ದ. ಇನ್ನು ದಾರಿಯಿಲ್ಲವೆಂದು, ಅಚ್ಚಾದ ಸಾಲುಗಳ ಮೇಲೆ ಬೆರಳಾಡಿಸುತ್ತಲೇ ಬ್ರಹ್ಮಚಾರಿ ಪತ್ತೇದಾರನಿಗೊಬ್ಬಳು ಹೆಂಡತಿಯನ್ನು ಕೊಟ್ಟು, ಅವಳ ಸೀಮಂತ ಮಾಡಿಸಿದೆ.

ಅಂದಿನಿಂದ ಒಂದು ಕೊಲೆಗೆ ಒಂದು ಶುಭಕಾರ್ಯ ಎಂದು ಲೆಕ್ಕವಾಯಿತು. ಕಾದಂಬರಿಕಾರ ಕೊಲ್ಲುತ್ತಾ ಹೋದ, ನಾನು ಹೆರಿಸುತ್ತಾ ಹೋದೆ. ಎರಡು ವಾರದಲ್ಲಿ ಪತ್ತೇದಾರನಿಗೆ ಐದು ಮಕ್ಕಳು. ಅತ್ತೆಗೆ ಕೊಲೆಗಾರನ ಚಿಂತೆಯೇ ಇಲ್ಲ; "ತೊಟ್ಟಿಲು ಹಾಕೋ ದಿನ ಏನು ಸೀ ಅಡಿಗೆ ಮಾಡಿದ್ರಂತೆ?" ಎಂಬುದೇ ಪ್ರಶ್ನೆ. ನಾದಿನಿಯಂತೂ, "ಅತ್ತಿಗೆ, ಆ ಹೆಂಗಸಿಗೆ ಸ್ವಲ್ಪ ಸುಧಾರಿಸ್ಕಳಾಕೆ ಬಿಡು" ಎಂದು ನಕ್ಕಳು.

ಕೊನೆಯ ದಿನ ಮಾವನವರು ಮನೆಯಲ್ಲೇ ಇದ್ದರು. ಶ್ಯಾನುಭೋಗರು, ಅಕ್ಷರ ಬಲ್ಲವರು. ನಾನು ಐದನೆಯ ಕೂಸಿನ ನಾಮಕರಣ ಓದುತ್ತಿದ್ದಾಗ ನನ್ನ ಹಿಂದೆ ನಿಂತು ಇಣುಕಿ, ಪುಸ್ತಕ ಕಿತ್ತುಕೊಂಡು ಪುಟ ತಿರುವಿದರು.

"ಇದ್ರಾಗೆ ಎಲ್ಲೈತೆ ನಾಮಕರಣ? ಈ ಪತ್ತೇದಾರಗೆ ಮದುವೀನೇ ಆಗಿಲ್ವಲ್ಲೇ!" ಎಂದು, ಕೊನೆಯ ಪುಟವನ್ನು ಗಟ್ಟಿಯಾಗಿ ಓದಿಯೇಬಿಟ್ಟರು: ಕೊಲೆಗಾರನಿಗೆ ಗಲ್ಲು, ಅವನ ತಾಯಿ ಹುಚ್ಚಿ, ಮುಕ್ತಾಯ.

ಬಚ್ಚಲ ಒಲೆ ಉರಿಯುತ್ತಿತ್ತು. ಅಣ್ಣನ ಮುಖ ಕಣ್ಣೆದುರು ಬಂತು. ಅತ್ತೆ ಮಡಿಲಿನ ಸಿಪ್ಪೆ ಕೊಡವಿ ಎದ್ದು, ಮಾವನ ಕೈಯಿಂದ ಪುಸ್ತಕ ತೆಗೆದುಕೊಂಡರು.

"ಬಸುರಿ ಮಗಳ ಮುಂದೆ ಗಲ್ಲಿಗೆ ಹಾಕಿದ್ರಲ್ರೀ! ಅರವತ್ತು ವರ್ಷ ಆತು, ಎಲ್ಲಿ ನಿಲ್ಸಬೇಕು ಅಂತ ಗೊತ್ತಾಗಲ್ವ? ಹೋಗಿ ಬಾಯಿ ಮುಕ್ಕಳಿಸಿ ಬರ್ರಿ."

"ಬರ್ದಿರೋದೇ ಅಷ್ಟು ಕಣೇ."

"ಬರೆದೋನಿಗೂ ಬುದ್ಧಿ ಇಲ್ಲ, ಓದಿದೋರಿಗೂ ಇಲ್ಲ. ತಗಳವ್ವ," ಎಂದು ಪುಸ್ತಕವನ್ನು ನನ್ನ ಮಡಿಲಿಗಿಟ್ಟರು. "ನೀನು ಓದು."

ಹಿಂಬದಿಯ ರಟ್ಟಿನ ಒಳಗೆ ಏನೂ ಅಚ್ಚಾಗಿರಲಿಲ್ಲ. ಅದನ್ನೇ ನೋಡುತ್ತಾ ಪತ್ತೇದಾರನ ಹಿರಿಮಗಳ ಮದುವೆ ಶುರುಮಾಡಿದೆ. ಮಾವನವರು ಬಾಯಿ ಒರೆಸಿಕೊಳ್ಳುತ್ತಾ ಬಂದು ಕಂಬಕ್ಕೊರಗಿ ಕೂತರು. ಬಿಗುಮಾನದಿಂದ ಮುಖ ಆಚೆ ತಿರುಗಿಸಿದ್ದವರು, ಕೊನೆಗೆ ತಡೆಯಲಾರದೆ ಕೇಳಿದರು:

"ಗಂಡಿನ ಕಡೆಯೋರು ಯಾವೂರೋರವ್ವ?"

"ಚನ್ನಗಿರಿಯೋರು, ಮಾವ."

"ಹಂಗಾರೆ ಅಡ್ಡಿಯಿಲ್ಲ," ಎಂದರು.