ಬೆಳಗಿಕೊಟ್ಟ ತಾಮ್ರ

ಗುಜರಿ ವ್ಯಾಪಾರದಲ್ಲಿ ತಂತಿಯ ಮೇಲಿನ ವಾರ್ನಿಶ್ ಲೇಪ ಸುಟ್ಟು ಬೆಳಗಿದ ತಾಮ್ರಕ್ಕೇ ಬೆಲೆ ಹೆಚ್ಚು. ಮಡಗಾಂವದ ನನ್ನ ಅಂಗಡಿಗೆ ಮೋತಿ ಡೊಂಗರ್ ಕೇರಿಯ ಮಾಬೂಬಿ ಬಂದು, "ಕಾಕಾ, ಹಳೇ ಫ್ಯಾನಿನ ತಂತಿ ಒಂದೀಟು ಕೊಡ್ರಿ" ಎಂದಾಗಲೂ ನನ್ನ ತಲೆಯಲ್ಲಿದ್ದದ್ದು ಅದೇ. ಗಾರೆ ಹೊರುತ್ತಿದ್ದ ಆಕೆ ವೈರಿಂಗ್ ಕ್ಲಾಸಿಗೆ ಸೇರಿದ್ದಳು. ಮೊಳೆಗೆ ತಂತಿ ಸುತ್ತಿ, ಸೆಲ್ ಜೋಡಿಸಿ, ಅಯಸ್ಕಾಂತ ಮಾಡಿ ತೋರಿಸುವ ಪರೀಕ್ಷೆ ಮರುದಿನವೇ ಇತ್ತು. ಪುಕ್ಕಟೆ ಕೊಡುವುದು ನನ್ನ ಅಭ್ಯಾಸವಲ್ಲ. ಆದರೂ ತಂತಿಯನ್ನು ಸುಟ್ಟು, ಉಜ್ಜಿ, ಫಳಫಳ ಮಾಡಿ ಕೊಟ್ಟೆ.

ಸಂಜೆ ಮುಖ ಸಣ್ಣದು ಮಾಡಿಕೊಂಡು ತಿರುಗಿ ಬಂದಳು.

"ಒಂದ ಗುಂಡಸೂಜಿನೂ ಎತ್ತವಲ್ದು ಕಾಕಾ. ಬರೇ ಸೆಲ್ ಬಿಸಿ ಆಗಾಕತ್ತೈತಿ. ನಾಳೆ ನಪಾಸಾದ್ರ ಮತ್ತ ಬುಟ್ಟಿ ಹೊರೂದ ಗತಿ."

"ಒಂದನೇ ನಂಬರ್ ತಾಮ್ರ ಅದು!" ಎಂದು ನಾನು ರೇಗಿದೆ.

ಆಕೆ ನೋಟ್‌ಬುಕ್ ತೆರೆದು ಬೆರಳಿಟ್ಟು ಓದಿದಳು. ಆಮೇಲೆ ತಲೆ ಎತ್ತಿ ನಕ್ಕಳು. "ವಾರ್ನಿಶ್ ಇದ್ರನ ಕರೆಂಟು ಎಲ್ಲಾ ಸುತ್ತು ಹಾಕಿ ಹೋಗ್ತೈತ್ರಿ. ಸುತ್ತಿಗೆ ಸುತ್ತು ತಾಗಿದ್ರ ಅಡ್ಡ ಹಾದು ಓಡ್ತೈತಿ. ಎರಡು ತುದಿ ಅಷ್ಟ ಕೆರೀಬೇಕಿತ್ತು. ನೀವು ಚಲೋ ಮಾಡಾಕ ಹೋಗಿ ಪೂರಾ ಸುಟ್ಟೀರಿ!"

ಮೂಲೆಯಲ್ಲಿದ್ದ ಮೋಟಾರಿನಿಂದ ವಾರ್ನಿಶ್ ಇದ್ದ ಕಂದು ತಂತಿಯನ್ನೇ ಬಿಚ್ಚಿಕೊಟ್ಟೆ. ಅಲ್ಲೇ ಕೂತು ಮೊಳೆಗೆ ಸುತ್ತಿ, ತುದಿಗಳನ್ನಷ್ಟೇ ಕೆರೆದು ಸೆಲ್ ಜೋಡಿಸಿದಳು. ಮೊಳೆ ನನ್ನ ಮೇಜಿನ ಗುಂಡುಸೂಜಿಗಳನ್ನು ಗೊಂಚಲಾಗಿ ಎತ್ತಿತು.

ಮಾಬೂಬಿ ಪಾಸಾದಳು. ಈಗ ನನ್ನ ಅಂಗಡಿಯ ವೈರಿಂಗ್ ಆಕೆಯದೇ. ಕೆಲಸ ಮುಗಿದ ಮೇಲೆ ಉಳಿದ ತಂತಿಯನ್ನು ನಾನು ಕೇಳಿದರೆ ಮಾತ್ರ, "ಯಾಕ ಕಾಕಾ, ಸುಡಾಕ?" ಎಂದು ತನ್ನ ಚೀಲಕ್ಕೆ ಹಾಕಿಕೊಳ್ಳುತ್ತಾಳೆ.