ಎರಡು ರೂಪಾಯಿಯ ತಕರಾರು

ಮತಗಟ್ಟೆಯಲ್ಲಿ ಏಜೆಂಟರಿಗೆ ಹಾಕಿಕೊಡುವುದು ಮಕ್ಕಳ ಬೆಂಚು. ನಮ್ಮೂರ ಸರಕಾರಿ ಶಾಲೆಯ ಆ ಬೆಂಚಿನ ಮೇಲೆ ಬೆಳಗಿನಿಂದ ಸಂಜೆಯವರೆಗೆ ಮೊಣಕಾಲು ಮಡಚಿ ಕೂರುವ ಶಿಕ್ಷೆಯನ್ನು ನಾನು ಎಷ್ಟೋ ಚುನಾವಣೆಗಳಲ್ಲಿ ಅನುಭವಿಸಿದ್ದೇನೆ. ನಾನು ಪಕ್ಷೇತರರ ಏಜೆಂಟ. ನನ್ನ ಉಮೇದುವಾರರಲ್ಲಿ ಒಬ್ಬನೂ ಠೇವಣಿ ಉಳಿಸಿಕೊಂಡವನಲ್ಲ. ಹೀಗಾಗಿ ನನಗೆ ಅಲ್ಲಿ ಕೆಲಸ ಕಡಿಮೆ, ನೋಡುವುದು ಹೆಚ್ಚು. ನನ್ನ ಎಡಕ್ಕೆ ಮಾಳಮ್ಮ, ಬಲಕ್ಕೆ ಜಗದೇವ. ಇಬ್ಬರೂ ಎದುರುಬದುರು ಪಾರ್ಟಿಯವರು. ಯಾವ ಪಾರ್ಟಿ ಎಂದು ಮಾತ್ರ ಹೇಳುವುದಿಲ್ಲ. ಹೇಳಿದರೆ ನೀವು ಕಥೆ ಬಿಟ್ಟು ಒಂದು ಕಡೆ ಸೇರಿಬಿಡುತ್ತೀರಿ.

ಮಾಳಮ್ಮ ಯಡ್ರಾಮಿ ಕಡೆಯ ಹೆಣ್ಣು. ಅಫಜಲಪುರ ತಾಲೂಕಿನ ನಮ್ಮೂರಿಗೆ ಅಣ್ಣಾರಾಯನ ಹೆಂಡತಿಯಾಗಿ ಬಂದವಳು, ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಆ ಕೆಲಸ ಕೊಡಿಸಿದವನು ಅಮರನಾಥ, ಊರಲ್ಲಿ ಅವಳ ಪಾರ್ಟಿಯ ಮುಖಂಡ. ಕೆಲಸ ಕೊಡಿಸಿದ ಮೇಲೆ ಏಜೆಂಟಳಾಗಿ ಕೂರು ಎಂದ, ಕೂತಳು. ಮೂಗಿನವರೆಗೆ ಸೆರಗೆಳೆದುಕೊಂಡು ಬಂದ ಹೆಂಗಸು ಯಾರ ಮನೆಯ ಸೊಸೆ ಎಂಬುದನ್ನು ಅವಳು ಕಾಲುಂಗುರ ನೋಡಿಯೇ ಹೇಳುತ್ತಿದ್ದಳು. ಜಗದೇವನದು ಬಸ್ ಸ್ಟ್ಯಾಂಡಿನಲ್ಲಿ ಪಂಚರ್ ಅಂಗಡಿ. ಅವನ ಹೆಂಡತಿ ಬಹಳ ಹಿಂದೆಯೇ ತವರಿಗೆ ಹೋದವಳು ತಿರುಗಿ ಬರಲಿಲ್ಲ, ಜೇವರ್ಗಿ ಕೋರ್ಟಿನಲ್ಲಿ ಸಂಬಂಧ ಹರಿದಿತ್ತು. ಪುಣೆಗೆ, ಸೊಲ್ಲಾಪುರಕ್ಕೆ ದುಡಿಯಲು ಹೋಗುವವರೆಲ್ಲ ಅವನ ಅಂಗಡಿಯ ಮುಂದೆಯೇ ಬಸ್ಸು ಹತ್ತುವುದರಿಂದ, ಊರಲ್ಲಿ ಯಾರಿದ್ದಾರೆ ಯಾರಿಲ್ಲ ಎಂಬುದು ಅವನಿಗೆ ಬಾಯಿಪಾಠ.

ಮತ ಹಾಕಲು ಬಂದವರ ಹೆಸರನ್ನು ಅಧಿಕಾರಿ ಜೋರಾಗಿ ಓದುತ್ತಾನೆ. ಅದು ಸತ್ತವರ ಹೆಸರಾಗಿದ್ದರೆ, ಅಥವಾ ಬಂದವನು ಬೇರೆಯವನಾಗಿದ್ದರೆ, ಏಜೆಂಟ ಎದ್ದು ತಕರಾರು ಹೇಳಬೇಕು, ಹೇಳಿ ಎರಡು ರೂಪಾಯಿ ಕಟ್ಟಬೇಕು. ತಕರಾರು ನಿಜವಾದರೆ ದುಡ್ಡು ವಾಪಸು, ಸುಳ್ಳಾದರೆ ಸರಕಾರಕ್ಕೆ. ಇವರಿಬ್ಬರ ಪೈಪೋಟಿ ಇರುತ್ತಿದ್ದದ್ದು ಅದರಲ್ಲೇ. ಒಬ್ಬರು ಬಾಯಿ ತೆರೆಯುವ ಮೊದಲೇ ಇನ್ನೊಬ್ಬರು ಎದ್ದು, ನಡುವೆ ಕೂತ ನನ್ನ ಕಾಲು ತುಳಿದು, "ಸತ್ತಾನ್ರಿ, ದೀಪಾವಳಿ ಮುಂದ ಸತ್ತಾನ" ಎಂದು ಹೇಳಿಬಿಡುತ್ತಿದ್ದರು. ಸಾವಿನ ಸುದ್ದಿಯನ್ನು ಅಷ್ಟು ಉಮೇದಿನಿಂದ ಹೇಳುವವರನ್ನು ನಾನು ಬೇರೆಲ್ಲೂ ನೋಡಿಲ್ಲ.

ಮಧ್ಯಾಹ್ನ ಅಣ್ಣಾರಾಯ ಬಾಗಿಲಿಗೆ ಬುತ್ತಿ ತಂದುಕೊಡುತ್ತಿದ್ದ. ಜಗದೇವನಿಗೂ ಸೇರಿಸಿ ತರುತ್ತಿದ್ದ.

"ಅಂವಗೂ ಕೊಡು," ಎಂದು ಹೆಂಡತಿಗೆ ಹೇಳುತ್ತಿದ್ದ. "ಸೋಲಾಂವ ಹೊಟ್ಟಿ ತುಂಬ ಉಣ್ಣಲಿ."

"ಏನ್ರಿ ಪಂಚರ್ ಸಾಹೇಬ್ರ, ಗಾಳಿ ಇಳದಂಗ ಕಾಣ್ತದಲ್ಲ," ಎಂದು ಮಾಳಮ್ಮ ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಹಾಕಿ ಕೊಡುತ್ತಿದ್ದಳು.

"ಸಂಜಿ ಆಗ್ಲಿ ತಡೀರಿ ವೈನಿ. ನಿಮ್ಮ ಪಾರ್ಟಿದು ಟ್ಯೂಬ್ ಸುದ್ದಾ ಉಳಿಯಂಗಿಲ್ಲ," ಎಂದು ಅವನು ಅದೇ ರೊಟ್ಟಿ ತಿನ್ನುತ್ತಿದ್ದ. ಅವಳು ಅವನಿಗೆ ವೈನಿ, ಎಂದರೆ ಅತ್ತಿಗೆ.

ಪೈಪೋಟಿಗೂ ಒಂದು ಗಡಿ ಇತ್ತು. ಒಮ್ಮೆ ಆಳಂದದಿಂದ ಬಂದ ಒಬ್ಬ ಅಧಿಕಾರಿ, ಫೋಟೋ ಹೊಂದುವುದಿಲ್ಲ ಎಂದು ಮುದುಕಿ ಫಕ್ರುನ್ನಿಸಾಳನ್ನು ಹಿಂದೆ ಕಳಿಸಲು ನೋಡಿದ. ಆಕೆಯ ವೋಟು ಜಗದೇವನ ಪಾರ್ಟಿಗೆ ಎಂದು ಊರಿಗೆಲ್ಲ ಗೊತ್ತು. ಆದರೂ ಮೊದಲು ಎದ್ದವಳು ಮಾಳಮ್ಮ. "ಅಕೀನ ಅದಾಳ್ರಿ. ಹಲ್ಲು ಬಿದ್ದಾವ, ಮಾರಿ ಬದಲಾಗ್ಯಾದ," ಎಂದಳು. ಮುದುಕಿ ವೋಟು ಹಾಕಿ ಹೋದ ಮೇಲೆ ಜಗದೇವ ತನ್ನ ನೀರಿನ ಬಾಟಲಿಯನ್ನು ನನ್ನ ಮುಂದಿನಿಂದ ಅವಳ ಕಡೆ ಸರಿಸಿದ.

ಲೋಕಸಭಾ ಚುನಾವಣೆಗೆ ಒಂದು ತಿಂಗಳಿರುವಾಗ ಕರಜಗಿ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಮಗುಚಿತು. ಮೇಲೆ ಕೂತಿದ್ದ ಅಣ್ಣಾರಾಯ ಕೆಳಗೆ ಸಿಕ್ಕ. ಕಬ್ಬು ಎಳೆದು ಅವನನ್ನು ಹೊರತೆಗೆದವರಲ್ಲಿ ಜಗದೇವನೂ ಇದ್ದ. ಮನೆಯ ಮುಂದೆ ತಂದು ಮಲಗಿಸಿದಾಗ ಮಾಳಮ್ಮ ಅಳಲಿಲ್ಲ. ಅವನ ಕಿವಿಯಲ್ಲಿ ಸಿಕ್ಕಿದ್ದ ರವದಿಯ, ಕಬ್ಬಿನ ಒಣಗರಿಯ, ಚೂರನ್ನು ತೆಗೆದು, ಕಿವಿಯನ್ನು ಸೆರಗಿನಿಂದ ಒರೆಸಿದಳು. ಹೆಂಗಸರು ಭುಜ ಹಿಡಿದು ಅಲುಗಿಸಿ ಅಳಿಸಲು ನೋಡಿದರು. ಅವಳು ಅಲುಗಿದಳು ಅಷ್ಟೇ.

ಮುಂದೆಯೂ ಹಾಗೇ. ಅತ್ತೆ ಕಾಶಿಬಾಯಿ ಮಗನ ಹೆಸರು ಹಿಡಿದು ಅಳುತ್ತಿದ್ದರೆ, ಇವಳು ಪಕ್ಕದಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಶಾಲೆಗೆ ಬಂದಳು, ಅನ್ನ ಬೇಯಿಸಿದಳು, ಬಡಿಸಿದಳು. ಸಾರಿಗೆ ಉಪ್ಪು ಎರಡು ಸಲ ಬೀಳುತ್ತಿತ್ತು, ಮಕ್ಕಳು ಹೇಳಿದರೆ ತಲೆಯಾಡಿಸುತ್ತಿದ್ದಳು. ಮಾತಾಡಿಸಲು ಹೋದವರು ಏನೇನೋ ಹೇಳುತ್ತಿದ್ದರು. ಹೋದ ಎನ್ನುತ್ತಿದ್ದರು, ದೇವರು ಕರೆದುಕೊಂಡ ಎನ್ನುತ್ತಿದ್ದರು, ನಿನ್ನ ಋಣ ಅಷ್ಟೇ ಇತ್ತು ಎನ್ನುತ್ತಿದ್ದರು. ಸತ್ತ ಎನ್ನುವ ಮಾತನ್ನು ಅವಳ ಮುಂದೆ ಯಾರೂ ಆಡಲಿಲ್ಲ. ಅವಳೂ ಆಡಲಿಲ್ಲ. ಗಂಡನ ಅಂಗಿ ಗೂಟದಲ್ಲೇ ಇತ್ತು, ವಾರಕ್ಕೊಮ್ಮೆ ತೊಳೆದು ಮತ್ತೆ ಅಲ್ಲೇ ಹಾಕುತ್ತಿದ್ದಳು.

ಈ ನಡುವೆ ಅಮರನಾಥ ಮನೆಗೆ ಬಂದು, ಮರಣದ ದಾಖಲೆ ಮಾಡಿಸಿಕೊಡುತ್ತೇನೆ ಎಂದು ಅಣ್ಣಾರಾಯನ ವೋಟಿನ ಕಾರ್ಡು ಕೇಳಿದ. ಮಾಳಮ್ಮ ಎದ್ದು ಟ್ರಂಕು ತೆರೆದು ಕೊಟ್ಟಳು. ಆ ದಿನಗಳಲ್ಲಿ ಯಾರು ಏನು ಕೇಳಿದ್ದರೂ ಕೊಡುತ್ತಿದ್ದಳು. ಇಂಥ ಹೊತ್ತಲ್ಲಿ ಏಜೆಂಟಳಾಗಿ ಕೂರಬೇಡ ಎಂದು ಕಾಶಿಬಾಯಿ ಹೇಳಿದಾಗ, "ಮನ್ಯಾಗ ಕುಂತು ಏನ್ ಮಾಡ್ಲಿ, ಅತ್ತಿ" ಎಂದಳಂತೆ.

ಮತದಾನದ ದಿನ ಅವಳು ನಮಗಿಂತ ಮೊದಲೇ ಬಂದು ಬೆಂಚಿನ ತುದಿಯಲ್ಲಿ ಕೂತಿದ್ದಳು. ಹೆಸರುಗಳನ್ನು ಓದುತ್ತಿದ್ದರು, ಮತದಾರರ ಪಟ್ಟಿಯ ಹಾಳೆಯ ಮೇಲೆ ಅವಳ ಪೆನ್ನು ಏಳುತ್ತಿರಲಿಲ್ಲ. ಸೊಸೆಯಂದಿರು ಬಂದರು, ಹೋದರು, ಅವಳು ಯಾರ ಕಾಲನ್ನೂ ನೋಡಲಿಲ್ಲ. ಜಗದೇವ ಮೆಲ್ಲಗೆ, "ವೈನಿ, ಬಂದವರಿಗೆ ಗುರ್ತು ಹಾಕ್ರಿ, ಆಮ್ಯಾಲ ನಿಮ್ಮೋರು ಬೈತಾರ" ಎಂದ. ಹಾಕಿದಳು. ಅಲ್ಲಿಂದ ಮುಂದೆ ಪ್ರತಿ ಹೆಸರಿಗೂ ಅವನು ಗಂಟಲು ಸರಿಪಡಿಸಿಕೊಳ್ಳುವುದು, ಅವಳು ಗುರುತು ಹಾಕುವುದು. ಎದುರಾಳಿಯ ಲೆಕ್ಕವನ್ನು ಇವನು ನಡೆಸುತ್ತಿದ್ದ. ಅವತ್ತು ಬುತ್ತಿ ತರುವವರೂ ಇರಲಿಲ್ಲ, ನಾವು ಮೂವರೂ ಚುರುಮುರಿ ತಿಂದೆವು.

ಮಧ್ಯಾಹ್ನ ಕರೆಂಟು ಹೋಗಿ ಫ್ಯಾನು ನಿಂತಿತ್ತು. ತಲೆಗೆ ಟವೆಲ್ ಸುತ್ತಿಕೊಂಡ ಒಬ್ಬ ಒಳಗೆ ಬಂದು ಕಾರ್ಡು ಕೊಟ್ಟ. ಅವನು ಅಮರನಾಥನ ತೋಟದ ಆಳು, ನನಗೂ ಗೊತ್ತಿದ್ದವನೇ. ಅಧಿಕಾರಿ ಕಾರ್ಡು ನೋಡಿ ಜೋರಾಗಿ ಓದಿದ, "ಅಣ್ಣಾರಾಯ, ತಂದೆ ಶರಣಪ್ಪ."

ಮಾಳಮ್ಮನ ಪೆನ್ನು ಹಾಳೆಯ ಮೇಲೆ ನಿಂತಿತು. ಗುರುತು ಹಾಕಲಿಲ್ಲ, ಕೆಳಗೂ ಇಡಲಿಲ್ಲ. ಅಮರನಾಥನ ಲೆಕ್ಕ ನನಗೆ ಆಗಲೇ ತಿಳಿಯಿತು. ಅವಳು ತಮ್ಮವಳು, ಅವಳ ಗಂಡನ ವೋಟೂ ತಮ್ಮದೇ, ಅವಳು ಕೂತಿರುವಾಗ ಯಾರು ಏನೆನ್ನುತ್ತಾರೆ ಎಂಬ ಧೈರ್ಯ. ನನಗೆ ಸಿಟ್ಟು ನೆತ್ತಿಗೇರಿತು. ಬಾಯಿ ತೆರೆದೆ. ಜಗದೇವ ನನ್ನ ಮೊಣಕಾಲನ್ನು ಒತ್ತಿ ಹಿಡಿದ.

ಅವನೇ ಹೇಳುತ್ತಾನೆ ಎಂದುಕೊಂಡೆ. ಅವನು ಕಾಯುತ್ತಿದ್ದಂಥ ಗಳಿಗೆ ಅದು. ಎದುರು ಪಾರ್ಟಿಯ ಕಳ್ಳ ವೋಟು ಕೈಯಲ್ಲೇ ಸಿಕ್ಕಿದೆ, ಹೆಣವನ್ನು ಎತ್ತಿದವನೂ ತಾನೇ. ಒಂದು ಮಾತು ಸಾಕಿತ್ತು. ಅವನು ಆಡಲಿಲ್ಲ. ಅಂಗಿಯ ಜೇಬಿನಿಂದ ಎರಡು ರೂಪಾಯಿಯ ನಾಣ್ಯ ತೆಗೆದು, ನನ್ನ ಮುಂದಿನಿಂದ ಕೈ ಚಾಚಿ, ಅವಳ ಹಾಳೆಯ ಮೇಲೆ ಇಟ್ಟ.

"ವೈನಿ," ಎಂದ. "ಈ ಮಾತು ನಾ ಆಡಂಗಿಲ್ಲ. ನೀವು ಬ್ಯಾಡ ಅಂದ್ರ ಸುಮ್ಮ ಕುಂದರ್ತೇನಿ."

ಅಧಿಕಾರಿ ಶಾಯಿಯ ಬಾಟಲಿ ತೆರೆದಿದ್ದ. ಟವೆಲಿನವನು ಎಡಗೈ ಮುಂದೆ ಮಾಡಿದ್ದ. ಮಾಳಮ್ಮ ನಾಣ್ಯವನ್ನು ನೋಡಿದಳು, ಆಮೇಲೆ ಆ ಬೆರಳನ್ನು ನೋಡಿದಳು. ಎದ್ದು ನಿಂತಳು. ಏಳುವಾಗ ನನ್ನ ಕಾಲು ತುಳಿದಳು, ಮೊದಲಿನ ಹಾಗೇ.

"ತಕರಾರ ಅದರಿ," ಎಂದಳು. "ಇಂವ ಅಣ್ಣಾರಾಯ ಅಲ್ಲ."

"ನಿಮಗ ಹ್ಯಾಂಗ ಗೊತ್ತಮ್ಮಾ?"

"ನಾ ಅಂವನ ಹೆಂಡ್ತಿ ಅದೀನ್ರಿ. ಅಂವ ಸತ್ತಾನ."

ಹೇಳಿ ನಾಣ್ಯವನ್ನು ಅಧಿಕಾರಿಯ ಮೇಜಿನ ಮೇಲಿಟ್ಟಳು. ಟವೆಲಿನವನು ಕಾರ್ಡು ಬಿಟ್ಟು ಹೊರಗೆ ಓಡಿದ, ಬಾಗಿಲಲ್ಲಿದ್ದ ಪೊಲೀಸ ಹಿಂದೆ ಓಡಿದ. ಮಾಳಮ್ಮ ಬೆಂಚಿಗೆ ಬಂದು ಕೂತು, "ಸತ್ತಾನ," ಎಂದು ಇನ್ನೊಮ್ಮೆ ತನ್ನಷ್ಟಕ್ಕೆ ಹೇಳಿಕೊಂಡಳು. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಸಾಲಿನಲ್ಲಿದ್ದ ಹೆಂಗಸರು ಒಳಗೆ ಬರಲು ನೋಡಿದರು, ಜಗದೇವ ಕೈ ಅಡ್ಡ ಮಾಡಿ ತಡೆದ. ಅವಳ ಕಡೆ ಅವನು ನೋಡಲಿಲ್ಲ. ಅವನ ಕಣ್ಣೂ ತುಂಬಿತ್ತು. ಹೇಳಬೇಕೆಂದರೆ ನನ್ನದೂ.

ಮತ್ತೆ ಹೆಸರು ಓದಲು ಶುರು ಮಾಡಿದರು. ಸಂಜೆಯ ಹೊತ್ತಿಗೆ ಸೆರಗೆಳೆದುಕೊಂಡ ಒಬ್ಬ ಹುಡುಗಿ ಬಂದಾಗ, ಜಗದೇವ ಏಳುವ ಮೊದಲೇ ಮಾಳಮ್ಮನ ಮಾತು ಬಂತು, "ಅಕಿ ಅಲ್ರಿ. ಅಕಿ ಪುಣೆದಾಗ ಅದಾಳ. ಇಕಿ ಅಕಿ ತಂಗಿ." ಜಗದೇವ ಅರ್ಧ ಎದ್ದವನು ಕೂತ. ಸೋತು ಅಷ್ಟು ಸಮಾಧಾನಪಟ್ಟ ಮುಖವನ್ನು ನಾನು ನೋಡಿರಲಿಲ್ಲ.

ಜೂನಿನಲ್ಲಿ ಶಾಲೆ ಶುರುವಾದಾಗ ಬಿಸಿಯೂಟದ ಕೆಲಸ ಬೇರೆಯವಳ ಪಾಲಾಗಿತ್ತು. ಕೊಡಿಸಿದ ಅಮರನಾಥನೇ ಕಿತ್ತುಕೊಂಡಿದ್ದ, ಯಾಕೆಂದು ಅವಳು ಕೇಳಲು ಹೋಗಲಿಲ್ಲ. ರೊಟ್ಟಿ ಬಡಿದು ಮಾರತೊಡಗಿದಳು. ಅಫಜಲಪುರದ ಖಾನಾವಳಿಗಳಿಗೆ ಅವನ್ನು ಮುಟ್ಟಿಸುವವನು ಜಗದೇವ. ಪಂಚಾಯತಿ ಚುನಾವಣೆ ಬಂದಾಗ ಅಮರನಾಥ ಮತ್ತೆ ಅವಳ ಬಾಗಿಲಿಗೇ ಬಂದ, ಹೆಂಗಸರನ್ನು ಗುರುತಿಸುವವರು ಅವನ ಕಡೆ ಬೇರೆ ಇರಲಿಲ್ಲ. "ಕುಂದರ್ತೇನಿ," ಎಂದಳಂತೆ ಮಾಳಮ್ಮ, "ಆದ್ರ ಸತ್ತವರ್ನ ಕಳಿಸ್ಬ್ಯಾಡ್ರಿ." ನಮ್ಮ ಪಾರ್ಟಿಗೆ ಬರಬಾರದೆ ಎಂದು ಜಗದೇವ ಕೇಳಿದ್ದಕ್ಕೆ, "ಇಬ್ಬರೂ ಒಂದೇ ಕಡಿ ಆದ್ರ ಬೆಂಚಿನ ಮ್ಯಾಲ ಯಾರ ಕೂಡ ಜಗಳಾಡ್ಲಿ?" ಎಂದಳು.

ಇಬ್ಬರೂ ಹತ್ತಿರವಾದದ್ದಕ್ಕೆ ಊರಿನವರು ಅವರವರ ತಿಳಿವಳಿಕೆಯಂತೆ ಕಾರಣ ಹೇಳುತ್ತಾರೆ. ಕನಿಕರ ಎನ್ನುತ್ತಾರೆ ಕೆಲವರು, ರೊಟ್ಟಿಯ ರುಚಿ ಎನ್ನುತ್ತಾರೆ ಇನ್ನು ಕೆಲವರು. ಒಂದು ದಿನ ಅಂಗಡಿಯ ಮುಂದೆ ನಾನೇ ಅವಳನ್ನು ಕೇಳಿದೆ. ಅವಳು ರೊಟ್ಟಿಯ ಗಂಟನ್ನು ಬೈಕಿಗೆ ಕಟ್ಟುತ್ತಾ ಹೇಳಿದಳು, "ಎಲ್ಲಾರೂ ನನ್ನ ಬದ್ಲಿ ಅತ್ತರಿ ಕಾಕಾ, ನನ್ನ ಬದ್ಲಿ ಮಾತಾಡಿದ್ರು. ಇಂವ ಒಬ್ಬ ನನ್ನ ಮಾತು ನನಗ ಬಿಟ್ಟ." ಅದಕ್ಕಿಂತ ಒಳ್ಳೆಯ ಕಾರಣ ನನಗೆ ಗೊತ್ತಿಲ್ಲ.

ಆದರೂ ಜಗದೇವ ಮದುವೆಯ ಮಾತೆತ್ತಿದಾಗ ಅವಳು ಬಹಳ ದಿನ ಹೂಂ ಎನ್ನಲಿಲ್ಲ. ಅವಳಿಗೆ ಒಂದೇ ಹೆದರಿಕೆ. ಕಾಶಿಬಾಯಿಯ ಮುಂದೆಯೇ ಅವನಿಗೆ ಹೇಳಿದ್ದಳು, "ನಾ ನಿನ್ನ ಮಾಡ್ಕೊಂಡ್ರ ವೋಟಿನ ಪಟ್ಟ್ಯಾಗ ನನ್ನ ಹೆಸರಿನ ಮುಂದಿನ ಅಂವನ ಹೆಸರು ಕಾಟ್ ಆಗ್ತದ. ಎಷ್ಟೋ ಮಂದಿದು ನಾನ ಕಾಟ್ ಮಾಡ್ಸೇನಿ. ಅಂವಂದು ಆಗಬಾರ್ದು." ಜಗದೇವ ಆಣೆ ಪ್ರಮಾಣ ಮಾಡುವ ಜಾತಿಯವನಲ್ಲ. ಕೊನೆಗೆ ಹೂಂ ಎನ್ನಿಸಿದವಳು ಕಾಶಿಬಾಯಿಯೇ. ಅವನು ಅದೇ ಮನೆಗೆ ಬಂದ. ಅಣ್ಣಾರಾಯನ ಅಂಗಿ ಗೂಟದಲ್ಲೇ ಇತ್ತು, ತನ್ನದಕ್ಕೆ ಪಕ್ಕದಲ್ಲಿ ಇನ್ನೊಂದು ಗೂಟ ಹೊಡೆದುಕೊಂಡ. ಹೆಂಡತಿಯನ್ನು ಇಂದಿಗೂ ಮರೆತು ವೈನಿ ಎಂದು ಕರೆದು ನಗೆಗೀಡಾಗುತ್ತಾನೆ.

ವಿಧಾನಸಭಾ ಚುನಾವಣೆಗೆ ನಾವು ಮೂವರೂ ಮತ್ತೆ ಅದೇ ಬೆಂಚಿನ ಮೇಲೆ ಕೂತೆವು. ಗಂಡ ಹೆಂಡತಿ ಎದುರುಬದುರು ಪಾರ್ಟಿಯ ಏಜೆಂಟರು ಎಂದು ತಿಳಿದು ಹೊಸ ಅಧಿಕಾರಿ ಬೆಳಗಿನಿಂದ ನಗುತ್ತಿದ್ದ. ಸಾಲು ಕಡಿಮೆಯಾದಾಗ ಮಾಳಮ್ಮ ತನ್ನ ವೋಟು ಹಾಕಲು ಎದ್ದಳು. ಅಧಿಕಾರಿ ಓದಿದ, "ಮಾಳಮ್ಮ, ಗಂಡ ಅಣ್ಣಾರಾಯ." ಓದಿ ನಿಲ್ಲಿಸಿದ. ನಗು ಹೋಗಿತ್ತು. ಅವಳನ್ನು ನೋಡಿದ, ಜಗದೇವನನ್ನು ನೋಡಿದ.

"ಗಂಡ ಅಣ್ಣಾರಾಯ ಅಂತ ಅದಲ್ರಿ ಇಲ್ಲಿ. ಏಜೆಂಟರದು ಏನರ ತಕರಾರು ಅದ ಏನು?"

ಮಾಳಮ್ಮ ತಿರುಗಿ ನೋಡಲಿಲ್ಲ. ಜಗದೇವ ಎದ್ದು ನಿಂತ.

"ತಕರಾರಿಲ್ರಿ," ಎಂದ. "ಬರದದ್ದು ಖರೇನ ಅದ."

ಅವಳು ಬೆರಳು ಮುಂದೆ ಮಾಡಿದಳು.