ಉಪ್ಪು ತೊಳೆಯುವ ಕಾಮಿ

ಬೆಳಕು ಇನ್ನೂ ಪೂರ್ತಿ ಹರಿದಿಲ್ಲ. ಬೇಲೆಕೇರಿ ಬಂದರದ ಅಕ್ಕಿ ವಖಾರಿಯ ಹಿಂದಿನ ಕಟ್ಟೆಯ ಮೇಲೆ ಕಾಮಿ ಕಾಲು ಚಾಚಿ ಕೂತಿದ್ದಾಳೆ. ಮಡಿಲಲ್ಲಿ ಬೂದುಬಣ್ಣದ ಒಂದು ಬೆಕ್ಕು. ಅದರ ಉಗುರು ಸಿಕ್ಕಬಾರದೆಂದು ಕೊರಳ ತುಂಬ ಇದ್ದ ಮಣಿಸರಗಳನ್ನು ಬೆನ್ನ ಕಡೆ ಎಸೆದುಕೊಂಡಿದ್ದಾಳೆ. ಬಾಲದಿಂದ ತಲೆಯ ಕಡೆಗೆ, ರೋಮಕ್ಕೆ ಎದುರಾಗಿ ಬೆರಳಾಡಿಸುತ್ತಾಳೆ. ಬಿಳಿ ಹೊಟ್ಟು ಎದ್ದು ಬರುತ್ತದೆ. ಅದರ ಒಂದು ಚೂರನ್ನು ನಾಲಿಗೆಯ ತುದಿಗೆ ಮುಟ್ಟಿಸಿ ಪಕ್ಕಕ್ಕೆ ಉಗಿಯುತ್ತಾಳೆ.

"ಸಪ್ಪೆ," ಎನ್ನುತ್ತಾಳೆ. "ಬರೀ ಒಣ ಚರ್ಮ. ಅಕ್ಕಿ ಧೂಳು, ಒಣಮೀನು, ಎರಡೇ ಗತಿ ಅಂದ್ರೆ ಬೆಕ್ಕಾದ್ರೂ ಎಂತ ಮಾಡ್ತದೆ?"

ವಖಾರಿಗೆ ಇಲಿಯ ಕಾಟ. ಸರಕು ಹೊತ್ತು ಬೊಂಬಾಯಿಗೆ ಹೋಗುವ ಮಚ್ವೆ ಎಂಬ ಹಾಯಿದೋಣಿಗಳಿಗೂ ಅದೇ ಕಾಟ. ಬೆಕ್ಕಿಲ್ಲದಿದ್ದರೆ ಹಾಯಿಯ ಹಗ್ಗವನ್ನೇ ಕಡಿದು ಹಾಕುತ್ತವೆ. ಆದರೆ ಮೈ ಒಣಗಿ ಬಿರಿದ ಬೆಕ್ಕು ದಿನವಿಡೀ ಕೆರೆದುಕೊಳ್ಳುತ್ತ ಕೂರುತ್ತದೆಯೇ ಹೊರತು ಇಲಿಯ ಕಡೆ ತಿರುಗಿಯೂ ನೋಡುವುದಿಲ್ಲ. ಅಂಥವು ಕಾಮಿಯ ಮಡಿಲಿಗೆ ಬರುತ್ತವೆ. ಮರದ ಹಣಿಗೆಯಿಂದ ಸತ್ತ ರೋಮ ಬಾಚುತ್ತಾಳೆ. ಹಿಮ್ಮಡಿಯ ಬಿರುಕಿಗೆ ಹಚ್ಚುವ ಮುರುಗಲ ಬೀಜದ ತುಪ್ಪವನ್ನೇ ಅಂಗೈಯಲ್ಲಿ ಕರಗಿಸಿ, ಕಂಡೂ ಕಾಣದಷ್ಟು ತೆಳ್ಳಗೆ ಸವರುತ್ತಾಳೆ. ಹಸಿ ತಾರ್ಲೆ ಮೀನಿನ ತಲೆ ತಿನ್ನಿಸುತ್ತಾಳೆ. ಒಲೆಯ ಬೂದಿಯಲ್ಲಿ ಮಲಗಗೊಡುವುದಿಲ್ಲ. ಇದಕ್ಕೆಲ್ಲ ಸಿಗುವ ಕೂಲಿಯೆಂದರೆ ವಖಾರಿಯ ನೆಲ ಗುಡಿಸಿದಾಗ ಸಿಕ್ಕುವ ಅಕ್ಕಿ.

ಮೂಟೆ ಹೊರಲು ಬಂದ ಹಮಾಲ ದುರ್ಗಪ್ಪ ನಿಂತು ನೋಡುತ್ತಾನೆ. "ನಮ್ಮ ಬೆನ್ನೂ ಬಿರಿದದೆ ಕಾಮಕ್ಕಾ. ನಮ್ಗೂ ಒಂದಿಷ್ಟು ತಿಕ್ಕೇ."

"ಇಲಿ ಹಿಡೀಲಿಕ್ಕೆ ಬರ್ತದ ನಿಂಗೆ? ಹಿಡ್ಕಂಡು ಬಾ, ತಿಕ್ತೆ."

ಕಾಮಿ ಭಾವಿಕೇರಿಯವಳು, ಗದ್ದೆ ಕೆಲಸದಲ್ಲೇ ಬೆಳೆದವಳು. ಉಪ್ಪಿನ ಸತ್ಯಾಗ್ರಹ ನಡೆದ ಮರುವರ್ಷ ಕಡಲು ಕಟ್ಟೆ ಒಡೆದು ಅವಳ ಗೇಣಿ ಗದ್ದೆಗೆ ನುಗ್ಗಿತು. ನೀರು ಇಳಿದ ಮೇಲೂ ಭತ್ತ ಏಳಲಿಲ್ಲ. ಗಂಡ ಬೀರಾ ಅದೇ ಕೊರಗಿನಲ್ಲಿ ತೀರಿಹೋದ. ಮಣ್ಣಿನ ಉಪ್ಪು ತೊಳೆದು ಹೋಯಿತೋ ಇಲ್ಲವೋ ಎಂದು ದಿನವೂ ಒಂದು ಚಿಟಿಕೆ ನಾಲಿಗೆಗೆ ಹಚ್ಚಿ ನೋಡುತ್ತಿದ್ದ ಅಭ್ಯಾಸ ಮಾತ್ರ ಕಾಮಿಯ ಜೊತೆ ಬಂದರಕ್ಕೂ ಬಂತು. ಆ ನಾಲಿಗೆಗೆ ಉಪ್ಪು ಮತ್ತೆ ಸಿಕ್ಕಿದ್ದು ಈ ಮಾಗಿಯಲ್ಲಿ, ಒಂದು ಬೆಕ್ಕಿನ ಬೆನ್ನ ಮೇಲೆ.

ಆ ಬೆಕ್ಕಿನ ಹೆಸರು ಕರಿಯ. ಬೇಲೆಕೇರಿಯ ಕಡಲಂಚಿನ ಮನೆಯ ಕಲಾವತಿಬಾಯಿಯ ಕಿರಿ ಮಗ ರಾಮಾ ಮಚ್ವೆಯಲ್ಲಿ ದುಡಿಯುವ ಖಲಾಸಿ. ಕರಿಯ ಅವನ ಜೊತೆಗೇ ಇರುತ್ತಿತ್ತು. ಮಳೆಗಾಲ ಕಳೆದು ಬಂದರು ತೆರೆದ ಮೇಲೆ, ಕಾರವಾರದಿಂದ ಹೊರಟ ಅವನ ಮಚ್ವೆ ಬೇಲೆಕೇರಿಯನ್ನು ಮುಟ್ಟಲಿಲ್ಲ. ಅರ್ಗಾದ ಮರಳಿನ ಮೇಲೆ ಒಂದು ಹಲಗೆ ಬಂದು ಬಿತ್ತು, ಅಷ್ಟೇ. ಆಮೇಲೆ ಒಂದು ಬೆಳಿಗ್ಗೆ ರಾಮಾನ ಹೆಂಡತಿ ಹೀರಾ ಬಾಗಿಲು ತೆಗೆದರೆ ಹೊಸ್ತಿಲ ಮೇಲೆ ಕರಿಯ ಕೂತಿತ್ತು. ಮಚ್ವೆ ಹೊರಡುವಾಗ ಅದು ರಾಮಾನ ಹೆಗಲ ಮೇಲಿದ್ದದ್ದನ್ನು ಕಾರವಾರದಲ್ಲಿ ಕಂಡವರಿದ್ದಾರೆ.

ಅಂದಿನಿಂದ ಅದರ ಮೈಯಿಂದ ಬಿಳಿ ಹೊಟ್ಟು ಉದುರತೊಡಗಿತು. ಅದು ಮಲಗುವುದು ರಾಮಾ ಮಲಗುತ್ತಿದ್ದ ಜಾಗದಲ್ಲೇ. ಎದ್ದು ಹೋದರೆ ಚಾಪೆಯ ಮೇಲೆ ಬಿಳಿ ಗೆರೆಯಲ್ಲಿ ಅದರ ಆಕಾರ ಉಳಿಯುತ್ತಿತ್ತು. ಗುಡಿಸಿದರೆ ಮರುದಿನ ಮತ್ತೆ. ಕಡಲು ಆ ಮನೆಯೊಳಗೆ ಕಾಲಿಟ್ಟಿದೆ ಎಂದು ಕೇರಿಯವರು ಅಂಗಳಕ್ಕೆ ಬರುವುದನ್ನೂ ಬಿಟ್ಟರು. ಕಾರವಾರದಲ್ಲಿ ಸಾಹುಕಾರರ ಅಂಗಡಿ ನೋಡಿಕೊಂಡಿರುವ ಹಿರಿ ಮಗ ಹರಿಶ್ಚಂದ್ರ, ಹುಣ್ಣಿಮೆಗೆ ಬಂದು ಬೆಕ್ಕನ್ನು ಗೋಣಿಗೆ ಹಾಕಿ ಕಾಳಿ ಹೊಳೆಯ ಆಚೆ ಬಿಟ್ಟು ಬರುತ್ತೇನೆಂದು ಹೇಳಿ ಕಳಿಸಿದ. ಅದನ್ನು ಕೇಳಿದ ಕಲಾವತಿ ಊಟ ಬಿಟ್ಟಳು. ದಿಕ್ಕು ತೋಚದ ಹೀರಾ ಬೆಕ್ಕನ್ನು ಸೆರಗಲ್ಲಿ ಸುತ್ತಿ ಭಾವಿಕೇರಿಯ ಕಾಮಿಯ ಮನೆಗೆ ನಡೆದು ಬಂದಳು.

ಕಾಮಿ ಹೊಟ್ಟಿನ ಚೂರನ್ನು ನಾಲಿಗೆಗೆ ಮುಟ್ಟಿಸಿದಳು. ಉಗಿಯಲಿಲ್ಲ.

"ಒಣಮೀನಿನ ರಾಶಿ ಮೇಲೆ ಮಲಗ್ತದ ಇದು?"

"ಇಲ್ಲ ಕಾಮಕ್ಕಾ. ಮನೆ ಬಿಟ್ಟು ಎಲ್ಲೂ ಹೋಗೂದಿಲ್ಲ."

"ಮೈ ಒದ್ದೆ ಆಗ್ತದ?"

ಹೀರಾ ಹಿಂದೆ ತಿರುಗಿ ದಾರಿಯ ಕಡೆ ನೋಡಿದಳು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದಳು: "ನಾ ಬೆಳಿಗ್ಗೆ ಏಳುವಾಗ ಒದ್ದೆ ಇರ್ತದೆ. ಕಡಲಿಗೆ ಹೋದ ಅವ್ರೇ ಬಂದು ಎತ್ಕಂಡು ಹೋಗ್ತಾರೋ ಏನೋ. ಅತ್ತೆ ಆಯಿಯ ಹತ್ರ ಕೇಳಿದ್ರೆ ಗೋಡೆ ಕಡೆ ತಿರುಗಿ ಮಲಗ್ತಾರೆ."

ಕಾಮಿ ಬೆಕ್ಕನ್ನು ತನ್ನ ಬಾವಿಯ ಸಿಹಿನೀರಿನಲ್ಲಿ ತೊಳೆದು, ಒರೆಸಿ, ತುಪ್ಪ ಸವರಿ ಕಳಿಸಿದಳು. ಮರುದಿನ ಹೀರಾ ಮತ್ತೆ ತಂದಳು. ಮತ್ತೆ ಉಪ್ಪು.

ಅದರ ಮರುದಿನ, ಬೆಳ್ಳಿ ಮೂಡುವ ಹೊತ್ತಿಗೆ, ಕಾಮಿ ಕಲಾವತಿಯ ಮನೆಯ ಪಕ್ಕದ ಕೇದಗೆ ಹಿಂಡಿಲಿನ ಮರೆಯಲ್ಲಿ ನಿಂತಿದ್ದಳು. ಬಾಗಿಲು ಸದ್ದಿಲ್ಲದೆ ತೆರೆಯಿತು. ಕಲಾವತಿ ಬೆಕ್ಕನ್ನು ಎದೆಗೆ ಅವುಚಿಕೊಂಡು ಹೊರಬಂದಳು. ಮರಳು ದಾಟಿ ಸೊಂಟದ ಮಟ್ಟದ ನೀರಿಗೆ ಇಳಿದಳು. ಎರಡೂ ಕೈಯಲ್ಲಿ ಕರಿಯನನ್ನು ಹಿಡಿದು ಕುತ್ತಿಗೆಯವರೆಗೆ ಕಡಲಿಗೆ ಅದ್ದಿದಳು.

"ನೋಡು, ಎಲ್ಲಿದ್ದಾನೆ ನೋಡು. ನೀ ಬಂದ ದಾರಿ ನಿಂಗೆ ಗೊತ್ತದೆ. ಕರ್ಕಂಡು ಬಾ."

ಬೆಕ್ಕೆಂದರೆ ನೀರಿನ ಹನಿ ಬಿದ್ದರೂ ಮೈ ಕೊಡವಿ ಓಡುವ ಜೀವ. ಇದು ಮಿಸುಕಲಿಲ್ಲ. ಅರ್ಗಾದ ದಿಕ್ಕಿಗೆ ಮುಖ ಮಾಡಿ ರೆಪ್ಪೆ ಬಡಿಯದೆ ನೋಡುತ್ತಿತ್ತು. ಕಾಮಿಯೂ ಅತ್ತ ನೋಡಿದಳು. ಮಂಜು, ಮಂಜಿನಡಿಯ ನೀರು, ಬೇರೇನಿಲ್ಲ. ಆದರೆ ಬೆಕ್ಕಿನ ಕಿವಿಗಳು ಮೆಲ್ಲಗೆ ತಿರುಗುತ್ತಿದ್ದವು, ಯಾರೋ ದೂರದಿಂದ ಹತ್ತಿರ ಬಂದು, ಪಕ್ಕದಲ್ಲೇ ಹಾದು ಹೋದ ಹಾಗೆ.

"ಅವತ್ತು ನಾನೂ ಕಿವಿಗೊಟ್ಟು ನಿಂತೆ," ಎನ್ನುತ್ತಾಳೆ ಕಾಮಿ. "ಆದ್ರೆ ಎಂತ ಹೇಳೂದು? ಆ ಬಾಯೋರು ಮಗನ್ನ ಹುಡುಕ್ತಾ ಇದ್ರು. ಹುಡುಕೂರನ್ನ ಕೂಗಿ ಕರೀಲಿಕ್ಕೆ ಆಗೂದಿಲ್ಲ."

ಅವಳು ಹೀರಾಗೆ ಏನೂ ಹೇಳಲಿಲ್ಲ. ಬಿಸಿಲೇರಿದ ಮೇಲೆ ಕಲಾವತಿಯ ಅಂಗಳದಲ್ಲಿ ಹೋಗಿ ಕೂತಳು. ಮುದುಕಿ ಅವಳ ಮುಖ ನೋಡಿಯೇ ತಿಳಿದಳು.

"ನೀ ಕಂಡೆ."

"ಕಂಡೆ ಬಾಯೋರೆ."

"ಊರಿಗೆಲ್ಲ ಹೇಳ್ತ್ಯಾ?"

"ಹೇಳಿ ನಂಗೆಂತ ಆಗೂದದೆ? ನಾ ಬಂದದ್ದು ಬೆಕ್ಕಿನ ಮಾತಾಡೂಕೆ. ಉಪ್ಪುನೀರು ಒಣಗಿದ್ರೆ ಚರ್ಮ ಬಿರೀತದೆ. ಹಿರಿ ಒಡೆಯರು ಹುಣ್ಣಿಮೆಗೆ ಬಂದು ಬಿಳೀದು ಕಂಡ್ರೆ ಗೋಣಿಗೆ ಹಾಕೂದೇ. ಅದು ಕಾಳಿ ಹೊಳೆ ದಾಟಿದ ಮೇಲೆ ನಿಮ್ಮ ರಾಮಾಗೆ ದಾರಿ ತೋರ್ಸೂದು ಯಾರು?"

ಕಲಾವತಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ದಡದ ಮೇಲೇ ಕೂರ್ಸಿ," ಕಾಮಿ ಹೇಳಿದಳು. "ಅದಕ್ಕೆ ಕಣ್ಣು ಅದೆ. ಅಲ್ಲಿಂದ್ಲೇ ಕಾಣ್ತದೆ. ಆಮೇಲೆ ನನ್ನ ಬಾವಿ ಹತ್ರ ತನ್ನಿ. ತುಪ್ಪ ನಾ ಕರಗಿಸಿ ಕೊಡ್ತೆ, ತಿಕ್ಕೂದು ನೀವೇ. ನಿಮ್ಮ ಕೈ ಅಂದ್ರೆ ಅದು ಅಲ್ಲಾಡೂದಿಲ್ಲ, ನಾನೇ ಕಂಡೆ."

ಅಂದಿನಿಂದ ಕಲಾವತಿ ದಿನವೂ ಬೆಕ್ಕನ್ನು ಅವುಚಿಕೊಂಡು ಭಾವಿಕೇರಿಗೆ ಬರತೊಡಗಿದಳು. ಕಾಮಿ ಹಣಿಗೆ ಆಡಿಸುತ್ತಾಳೆ, ಮುದುಕಿ ಸವರುತ್ತಾಳೆ. ನೀರಲ್ಲಿ ಅದ್ದುತ್ತಿದ್ದ ಕೈಗಳೇ ಕಿವಿಯ ಹಿಂದೆ, ಬೆನ್ನಮೂಳೆಯ ಉದ್ದಕ್ಕೆ, ಬಾಲದ ಬುಡದಲ್ಲಿ ತುಪ್ಪ ಹಚ್ಚುತ್ತವೆ. "ಸಣ್ಣವನಿದ್ದಾಗ ರಾಮಾನ ಬೆನ್ನೂ ಹೀಗೇ ಒಣಗ್ತಿತ್ತು," ಎಂದಳು ಒಂದು ದಿನ. ಆ ದಿನ ಮನೆಗೆ ಹೋಗಿ ಅನ್ನ ಉಂಡಳು.

ಹುಣ್ಣಿಮೆಗೆ ಹರಿಶ್ಚಂದ್ರ ಗೋಣಿ ಹಿಡಿದು ಬಂದ. ಜಗಲಿಯ ಮೇಲೆ ಕೂರುತ್ತಲೇ ಕರಿಯ ಅವನ ತೊಡೆಯೇರಿ ಕರಿ ಕೋಟಿಗೆ ಮೈ ಉಜ್ಜಿತು. ಅವನು ಕೋಟು ಕೊಡವಿದ. ಏನೂ ಉದುರಲಿಲ್ಲ. ಬಾಗಿಲ ಸಂದಿಯಲ್ಲಿ ನಿಂತ ತಾಯಿಯ ಮುಖ ನೋಡಿದ.

"ಇರ್ಲಿ ಬಿಡು ಆಯಿ," ಎಂದ. ಅಂಗಳದಲ್ಲಿದ್ದ ಕಾಮಿಯ ಕಡೆ ತಿರುಗಿ, "ಎಂತ ಆಗಿತ್ತು ಇದಕ್ಕೆ?" ಎಂದು ಕೇಳಿದ.

"ಒಣ ಚರ್ಮ ಒಡೆಯಾ."

ಅವನು ಗೋಣಿ ಮಡಚಿ ಕಂಕುಳಲ್ಲಿಟ್ಟುಕೊಂಡು ಕಾರವಾರಕ್ಕೆ ಹೋದ.

ಈಗ ಕಲಾವತಿ ಹಾಸಿಗೆ ಹಿಡಿದಿದ್ದಾಳೆ. ಕಾಲಿಗೆ ಬಲವಿಲ್ಲ; ದಡದ ಮಾತಿರಲಿ, ಅಂಗಳಕ್ಕೂ ಇಳಿಯಲಾರಳು. ರಾತ್ರಿ ಬೆಕ್ಕು ಹೊರಗೆ ಹೋಗದ ಹಾಗೆ ಹೀರಾ ಬಾಗಿಲಿಗೆ ಅಗಳಿ ಹಾಕಿ, ಅದಕ್ಕೆ ಅಡ್ಡಲಾಗಿ ಚಾಪೆ ಹಾಸಿ ಮಲಗುತ್ತಾಳೆ.

ವಖಾರಿಯ ಕೆಲಸ ಮುಗಿಸಿದ ಕಾಮಿ ಇಂದೂ ಭಾವಿಕೇರಿಯ ಮನೆಗೆ ನಡೆದು ಬರುತ್ತಾಳೆ. ಬಾವಿಕಟ್ಟೆಯ ಮೇಲೆ ಕರಿಯ ಒಂಟಿಯಾಗಿ ಕೂತಿದೆ. ಹೊಟ್ಟೆಯ ರೋಮದಿಂದ ನೀರು ತೊಟ್ಟಿಕ್ಕುತ್ತಿದೆ. ಕಾಮಿ ಅದರ ಬೆನ್ನ ಮೇಲೆ ಬೆರಳಾಡಿಸಿ ನಾಲಿಗೆಗೆ ಮುಟ್ಟಿಸುತ್ತಾಳೆ.

ಅಷ್ಟರಲ್ಲಿ ಹೀರಾ ಏದುಸಿರು ಬಿಡುತ್ತ ಬರುತ್ತಾಳೆ. "ಅಗಳಿ ಹಾಕಿದ ಹಾಗೇ ಇತ್ತು ಕಾಮಕ್ಕಾ. ಆಯಿ ಮಲಗಿದಲ್ಲೇ ಇದ್ದಾರೆ."

"ಮಾಡಿನ ಸಂದಿಯಿಂದ ಹೊರಗೆ ಬಿದ್ದಿರ್ತದೆ. ಬೆಕ್ಕಲ್ವ?"

"ಹೊರಗೆ ಬಂದದ್ದು ಸರಿ. ನೀರಿಗೆ ಇಳಿಸಿದ್ದು ಯಾರು?"

ಕಾಮಿ ಕೊಡಪಾನವನ್ನು ಬಾವಿಗೆ ಬಿಡುತ್ತಾಳೆ. "ಚರ್ಮ ನನ್ನ ಕೆಲ್ಸ, ತಂಗಿ. ಉಪ್ಪು ತಂದದ್ದು ಯಾರು ಅಂತ ಕೇಳೂದು ನನ್ನ ಕೆಲ್ಸ ಅಲ್ಲ."

ಸಿಹಿನೀರು ಬೆನ್ನ ಮೇಲೆ ಬೀಳುತ್ತದೆ. ಕರಿಯ ಕಣ್ಣು ಮುಚ್ಚುತ್ತದೆ. ಕಾಮಿ ತುಪ್ಪದ ಉಂಡೆಯನ್ನು ಅಂಗೈಯಲ್ಲಿಟ್ಟು ಕರಗುವುದನ್ನು ಕಾಯುತ್ತಾಳೆ. ಸುಗ್ಗಿ ಕಳೆದು ಬಿಸಿಲು ಬಲಿತರೆ ಈ ಕಡೆಯ ಬಾವಿಗಳು ಒಂದೊಂದಾಗಿ ಉಪ್ಪಾಗುತ್ತವೆ. ಅವಳದು ಇನ್ನೂ ಆಗಿಲ್ಲ. ನಿನಗೇನು ಬೇಕು ಎಂದು ಯಾರಾದರೂ ಕೇಳಿದರೆ ಅವಳು ಬಾವಿಯೊಳಗೆ ಒಮ್ಮೆ ಬಗ್ಗಿ ನೋಡುತ್ತಾಳೆ.

"ಮಳೆ ಬರೂ ತನಕ ಈ ನೀರು ಸಿಹಿ ಇದ್ರೆ ಸಾಕು. ಕರಿಯ ದಿನಾ ಬರ್ತದೆ. ದಿನಾ ತೊಳೀಬೇಕಲ್ಲ."